ಊದಿದ ಗಾಳಿಯಲ್ಲಿ ಒತ್ತಡ ನಿಜವಾಗಿಯೂ ಕಡಿಮೆಯೇ? ಮನೆಯಲ್ಲಿ ಮಾಡುವ ಗಾಳಿಯ ಪ್ರಯೋಗಗಳ ಕುರಿತು ಒಂದು ಚರ್ಚೆ

ಕುತೂಹಲಿ (ಪ್ರಶ್ನೆ)

ಕಾಗದದ ಪಟ್ಟಿಯೊಂದರ ತುದಿಯನ್ನು ಕೆಳತುಟಿಯ ಬಳಿ ಹಿಡಿದು, ಬಾಗಿ ಇಳಿಬಿದ್ದಿರುವ ಅದರ ಮೇಲ್ಬದಿಯ ಉದ್ದಕ್ಕೂ ಊದಿದರೆ ಪಟ್ಟಿ ಮೇಲೇಳುತ್ತದೆ. ಇದು ಎಲ್ಲರೂ ಬಲ್ಲ ಪ್ರಯೋಗ. ವೇಗವಾಗಿ ಚಲಿಸುವ ಗಾಳಿಯಲ್ಲಿ ಒತ್ತಡ ಕಡಿಮೆಯಾಗುತ್ತದೆ, ಕೆಳಗಿನ ನಿಶ್ಚಲ ಗಾಳಿಯ ಹೆಚ್ಚಿನ ಒತ್ತಡವು ಪಟ್ಟಿಯನ್ನು ಮೇಲಕ್ಕೆ ತಳ್ಳುತ್ತದೆ ಎಂಬುದೇ ಇದಕ್ಕೆ ಸಾಮಾನ್ಯವಾಗಿ ಸಿಗುವ ವಿವರಣೆ. ಆದರೆ ಅದೇ ಪಟ್ಟಿಯನ್ನು ಬಾಗದಂತೆ ನೇರವಾಗಿ ಕೆಳಕ್ಕೆ ತೂಗುಬಿಟ್ಟು, ಅದರ ಒಂದು ಬದಿಯಲ್ಲಿ ಮಾತ್ರ ಮೇಲಿನಿಂದ ಕೆಳಕ್ಕೆ ಊದಿ ನೋಡಿದಾಗ, ಪಟ್ಟಿ ಊದಿದ ಕಡೆಗೆ ವಾಲುವುದು ಕಾಣುವುದಿಲ್ಲ. ಒಂದು ಬದಿಯಲ್ಲಿ ಗಾಳಿ ಚಲಿಸುತ್ತಿದೆ, ಇನ್ನೊಂದು ಬದಿಯಲ್ಲಿ ನಿಂತಿದೆ. ವಿವರಣೆ ಸರಿಯಾಗಿದ್ದರೆ ಇಲ್ಲಿಯೂ ಅದು ನಡೆಯಬೇಕಿತ್ತಲ್ಲವೇ?

ಹತ್ತು ಹನ್ನೆರಡು ವರ್ಷದ ಮಕ್ಕಳೊಂದಿಗೆ ಗಾಳಿಯ ಪ್ರಯೋಗಗಳನ್ನು ಮಾಡಬೇಕಾಗಿದೆ. ಅವರು ಮರುಪ್ರಶ್ನೆ ಕೇಳಿದಾಗ ಕುಸಿದು ಬೀಳದಂತಹ ವಿವರಣೆಗಳು ಬೇಕು.

ಭೌತಶಾಸ್ತ್ರ ಬೋಧಕಿ

ನಿಮ್ಮ ಎರಡನೆಯ ಪ್ರಯೋಗ ಮೊದಲನೆಯದಕ್ಕಿಂತ ಬೆಲೆಬಾಳುವಂಥದ್ದು. ನೀವು ಹೇಳಿದ ಸಾಮಾನ್ಯ ವಿವರಣೆ ಆಧರಿಸುವುದು ಬರ್ನೂಲಿ ತತ್ತ್ವವನ್ನು. ದ್ರವಗಳ ಹರಿವಿನ ಬಗ್ಗೆ ಗಣಿತಜ್ಞ ಡೇನಿಯಲ್ ಬರ್ನೂಲಿ ಬರೆದ ಗ್ರಂಥ ಪ್ರಕಟವಾದದ್ದು 1738ರಲ್ಲಿ. ಅವರ ಹೆಸರಿನಲ್ಲಿ ಇಂದು ಬಳಕೆಯಲ್ಲಿರುವ ತತ್ತ್ವವು ಒಂದೇ ಪ್ರವಾಹದ ಎರಡು ಸ್ಥಳಗಳನ್ನು ಹೋಲಿಸುತ್ತದೆ: ಆ ಪ್ರವಾಹಕ್ಕೆ ನಡುವೆ ಶಕ್ತಿ ಸೇರದಿದ್ದರೆ, ಘರ್ಷಣೆ ನಗಣ್ಯವಾಗಿದ್ದರೆ, ವೇಗ ಹೆಚ್ಚಿರುವಲ್ಲಿ ಒತ್ತಡ ಕಡಿಮೆ ಇರುತ್ತದೆ. ಕಾಗದದ ಒಂದು ಬದಿಯಲ್ಲಿರುವುದು ನಿಮ್ಮ ಶ್ವಾಸಕೋಶ ಶಕ್ತಿ ಕೊಟ್ಟು ಹೊರದೂಡಿದ ಗಾಳಿ, ಇನ್ನೊಂದು ಬದಿಯಲ್ಲಿರುವುದು ಕೋಣೆಯ ಗಾಳಿ. ಇವು ಒಂದೇ ಪ್ರವಾಹದ ಎರಡು ಭಾಗಗಳಲ್ಲವಾದ್ದರಿಂದ ವೇಗಗಳನ್ನು ಮಾತ್ರ ಹೋಲಿಸಿ ಒತ್ತಡದ ಬಗ್ಗೆ ತೀರ್ಪು ಕೊಡಲಾಗದು. ಬಾಯಿಯೊಳಗೆ ಒತ್ತಡ ಹೊರಗಿಗಿಂತ ಹೆಚ್ಚಿರುತ್ತದೆ; ಆ ಹೆಚ್ಚುವರಿ ಒತ್ತಡವೇ ವೇಗವಾಗಿ ಮಾರ್ಪಟ್ಟು, ಗಾಳಿ ತುಟಿಯಿಂದಾಚೆ ನೇರವಾಗಿ ಹರಿಯುವಾಗ ಅದರ ಒತ್ತಡವು ಸುತ್ತಲಿನ ವಾತಾವರಣದ ಒತ್ತಡಕ್ಕೆ ಹೆಚ್ಚುಕಡಿಮೆ ಸಮನಾಗಿಬಿಟ್ಟಿರುತ್ತದೆ.

ಹಾಗಾದರೆ ಬಾಗಿದ ಪಟ್ಟಿ ಏಕೆ ಏಳುತ್ತದೆ? ಕಾರಣ ಅದರ ಬಾಗುವಿಕೆಯಲ್ಲಿದೆ. ಹತ್ತಿರದ ಮೇಲ್ಮೈಗೆ ಅಂಟಿಕೊಂಡು ಹರಿಯುವ ಸ್ವಭಾವ ಗಾಳಿಯ ಧಾರೆಗೆ ಇದೆ. ರುಮೇನಿಯಾದ ಎಂಜಿನಿಯರ್ ಹೆನ್ರಿ ಕೊಆಂಡ ಅವರ ಹೆಸರಿನಿಂದ ಇದನ್ನು ಕೊಆಂಡ ಪರಿಣಾಮ ಎನ್ನುತ್ತಾರೆ. ಉಬ್ಬಿದ ಮೇಲ್ಮೈಯನ್ನು ಅನುಸರಿಸಿ ಧಾರೆ ತಿರುಗಬೇಕಾದರೆ ಅದನ್ನು ಒಳಮುಖವಾಗಿ ತಳ್ಳುವ ಬಲವೊಂದು ಬೇಕು. ಆ ಬಲ ಸಿಗುವುದು ಧಾರೆಯ ಹೊರಬದಿಯಲ್ಲಿ ವಾತಾವರಣದ ಒತ್ತಡವಿದ್ದು, ಮೇಲ್ಮೈಗೆ ತಾಗಿದ ಒಳಬದಿಯಲ್ಲಿ ಅದಕ್ಕಿಂತ ಕಡಿಮೆ ಒತ್ತಡವಿದ್ದಾಗ ಮಾತ್ರ. ಹೀಗೆ ಪಟ್ಟಿಯ ಮೇಲ್ಬದಿಯಲ್ಲಿ ಒತ್ತಡ ತಗ್ಗುತ್ತದೆ, ಪಟ್ಟಿ ಏಳುತ್ತದೆ. ನೇರವಾಗಿ ತೂಗುವ ಪಟ್ಟಿಯಲ್ಲಿ ಬಾಗುವಿಕೆಯಿಲ್ಲ, ಧಾರೆ ತಿರುಗುವುದಿಲ್ಲ. ಆದ್ದರಿಂದ ಅದು ಅಲುಗದಿರುವುದು ಸರಿಯಾಗಿಯೇ ಇದೆ.

ಮೂರನೆಯ ಪರೀಕ್ಷೆಯೊಂದನ್ನೂ ಸೇರಿಸಿಕೊಳ್ಳಿ. ಬಾಗಿದ ಪಟ್ಟಿಯ ಕೆಳಬದಿಯಲ್ಲಿ ಊದಿರಿ. ಪಟ್ಟಿ ಆಗಲೂ ಮೇಲಕ್ಕೇ ಏಳುತ್ತದೆ. ಚಲಿಸುವ ಗಾಳಿಯೆಂದರೆ ಕಡಿಮೆ ಒತ್ತಡ ಎಂಬ ಸೂತ್ರದ ಪ್ರಕಾರ ಅದು ಕೆಳಕ್ಕೆ ಹೋಗಬೇಕಿತ್ತು.

ಸಂದೇಹವಾದಿ

ಬೋಧಕಿಯವರ ವಿವರಣೆ ತರ್ಕಬದ್ಧವಾಗಿದೆ, ಆದರೂ ಒಂದು ಆಕ್ಷೇಪವಿದೆ. ಪ್ರತಿಯೊಂದು ಪ್ರಯೋಗವನ್ನೂ ಹೀಗೆ ಬಾಗಿದ ಧಾರೆಯ ಲೆಕ್ಕಕ್ಕೆ ಹಾಕುತ್ತಾ ಹೋದರೆ ಬರ್ನೂಲಿ ತತ್ತ್ವವೇ ಅಪ್ರಯೋಜಕ ಎಂದು ಮಕ್ಕಳು ತಿಳಿದಾರು. ಕೊಳವೆ ಕಿರಿದಾದಲ್ಲಿ ಹರಿವು ವೇಗಗೊಂಡು ಒತ್ತಡ ಇಳಿಯುವುದು ಅಳೆದು ತೋರಿಸಬಹುದಾದ ಸಂಗತಿ. ಅದರ ಮೇಲೆಯೇ ಹರಿವಿನ ಮಾಪಕಗಳು ಕೆಲಸ ಮಾಡುತ್ತಿವೆ. ಆ ತತ್ತ್ವ ನಿಜವಾಗಿ ಅನ್ವಯವಾಗುವ ಪ್ರಯೋಗ ಯಾವುದು, ಅದನ್ನು ಮನೆಯಲ್ಲಿ ಮಾಡಲು ಸಾಧ್ಯವೇ ಎಂಬುದನ್ನೂ ಹೇಳಬೇಕು.

ಯಂತ್ರಶಿಲ್ಪಿ

ಸಾಧ್ಯ. ನನ್ನ ಆಯ್ಕೆ ರಟ್ಟಿನ ಬಿಲ್ಲೆಯ ಪ್ರಯೋಗ. ಅಂಗೈಯಗಲದ ದಪ್ಪ ರಟ್ಟಿನ ಬಿಲ್ಲೆಯನ್ನು ಕತ್ತರಿಸಿ, ನಡುವೆ ರಂಧ್ರ ಮಾಡಿ, ಅದರಲ್ಲಿ ಸ್ಟ್ರಾ ತೂರಿಸಿ ಸುತ್ತಲೂ ಗಾಳಿ ಸೋರದಂತೆ ಅಂಟು ಹಾಕಬೇಕು. ಸ್ಟ್ರಾದ ತುದಿ ಬಿಲ್ಲೆಯ ಕೆಳಮೈಗೆ ಸಮಮಟ್ಟದಲ್ಲಿರಬೇಕು. ಸ್ವಲ್ಪ ಹೊರಚಾಚಿದರೂ ಅಂತರ ಹೆಚ್ಚಾಗಿ ಪ್ರಯೋಗ ಕೆಡುತ್ತದೆ, ಅದಕ್ಕಾಗಿ ಅಂಟು ಒಣಗಿದ ಮೇಲೆ ಹೊರಗುಳಿದ ಅಂಚನ್ನು ಬ್ಲೇಡಿನಿಂದ ಸವರಿಬಿಡುವುದು ಒಳ್ಳೆಯದು. ಈಗ ಇಸ್ಪೀಟಿನ ಎಲೆಯಂತಹ ಹಗುರವಾದ ಕಾರ್ಡಿನ ನಡುವೆ ಗುಂಡುಸೂಜಿ ಚುಚ್ಚಿ, ಸೂಜಿಯ ತುದಿ ಸ್ಟ್ರಾದೊಳಗೆ ಇರುವಂತೆ ಕಾರ್ಡನ್ನು ಕೆಳಗಿನಿಂದ ಬಿಲ್ಲೆಗೆ ತಾಗಿಸಿ ಹಿಡಿಯಿರಿ. ಸೂಜಿಯ ಕೆಲಸ ಕಾರ್ಡು ಪಕ್ಕಕ್ಕೆ ಜಾರದಂತೆ ನೋಡಿಕೊಳ್ಳುವುದು ಮಾತ್ರ. ಅದರ ಗುಂಡುತಲೆಯ ಮೇಲೊಂದು ಅಂಟುಪಟ್ಟಿ ಹಾಕಿದರೆ ಅದು ಕಳಚಿ ಮೇಲಕ್ಕೆ ಬರುವ ಭಯವಿರುವುದಿಲ್ಲ. ಸ್ಟ್ರಾದಲ್ಲಿ ಬಲವಾಗಿ ಊದಲು ಆರಂಭಿಸಿ ಕೈ ಬಿಡಿ. ಕಾರ್ಡು ಹಾರಿಹೋಗುವುದರ ಬದಲು ಬಿಲ್ಲೆಗೆ ಅಂಟಿಕೊಂಡು ತೂಗುತ್ತದೆ, ಕೆಲವೊಮ್ಮೆ ಗುಂಯ್‌ಗುಡುತ್ತದೆ. ಊದುವುದನ್ನು ನಿಲ್ಲಿಸಿದೊಡನೆ ಬೀಳುತ್ತದೆ.

ಇಲ್ಲಿ ಬರ್ನೂಲಿ ತತ್ತ್ವ ತನ್ನ ಷರತ್ತುಗಳ ಒಳಗೇ ಕೆಲಸ ಮಾಡುತ್ತಿದೆ. ಗಾಳಿ ನಡುವಿನಿಂದ ಅಂಚಿನತ್ತ ಎಲ್ಲ ದಿಕ್ಕಿಗೂ ಹರಡುತ್ತದೆ. ಹೊರಹೊರಗೆ ಹೋದಂತೆ ಹರಿವಿಗೆ ಸಿಗುವ ಜಾಗ ಹೆಚ್ಚುತ್ತದೆ, ವೇಗ ಇಳಿಯುತ್ತದೆ. ಅಂಚಿನಲ್ಲಿ ಗಾಳಿ ಕೋಣೆಗೆ ಸೇರುವುದರಿಂದ ಅಲ್ಲಿನ ಒತ್ತಡ ವಾತಾವರಣದ ಒತ್ತಡವೇ ಆಗಿರಬೇಕು. ಹಾಗಿದ್ದರೆ ಅದೇ ಪ್ರವಾಹ ಹೆಚ್ಚು ವೇಗದಲ್ಲಿರುವ ಒಳಭಾಗದಲ್ಲಿ ಒತ್ತಡವು ವಾತಾವರಣಕ್ಕಿಂತ ಕಡಿಮೆ ಇರಲೇಬೇಕು. ರಂಧ್ರದ ನೇರ ಕೆಳಗೆ ಧಾರೆ ಬಂದು ಬಡಿಯುವಲ್ಲಿ ಒತ್ತಡ ಹೆಚ್ಚೇ ಇರುತ್ತದೆಯಾದರೂ ಆ ಜಾಗ ಬಹಳ ಚಿಕ್ಕದು. ಲಾಳಿಕೆಯೊಳಗೆ ಪಿಂಗ್ ಪಾಂಗ್ ಚೆಂಡನ್ನಿಟ್ಟು ಕೊಳವೆಯ ಕಡೆಯಿಂದ ಎಷ್ಟು ಜೋರಾಗಿ ಊದಿದರೂ ಚೆಂಡು ಹೊರಗೆ ಬರದಿರುವುದಕ್ಕೂ ಇದೇ ಕಾರಣ.

ಸ್ಟ್ರಾದ ಸಿಂಪಡಕದ ವಿಷಯ ಹೀಗಲ್ಲ. ನೀರಿನಲ್ಲಿ ನಿಲ್ಲಿಸಿದ ಸ್ಟ್ರಾದ ತುದಿಗೆ ಅಡ್ಡಲಾಗಿ ಇನ್ನೊಂದು ಸ್ಟ್ರಾದಿಂದ ಊದಿದಾಗ ನೀರು ಮೇಲೇರುವುದಕ್ಕೆ ಕಾರಣ, ಲಂಬವಾದ ಸ್ಟ್ರಾದ ತುದಿ ಧಾರೆಗೆ ಅಡ್ಡಿಯಾಗಿ, ಗಾಳಿ ಅದರ ಮೇಲೆ ಬಾಗಿ ಹಾಯ್ದು ಹೋಗಬೇಕಾಗಿ ಬರುವುದು. ಲೆಕ್ಕವನ್ನೂ ನೋಡಿ: ಸೆಕೆಂಡಿಗೆ 20 ಮೀಟರ್ ವೇಗದ ಗಾಳಿಯ ಚಲನೆಗೆ ಸಂಬಂಧಿಸಿದ ಒತ್ತಡ ಸುಮಾರು 240 ಪ್ಯಾಸ್ಕಲ್. ಅಷ್ಟು ಒತ್ತಡ ಎತ್ತಬಲ್ಲ ನೀರಿನ ಕಂಬದ ಎತ್ತರ ಸುಮಾರು ಎರಡೂವರೆ ಸೆಂಟಿಮೀಟರ್. ಸ್ಟ್ರಾವನ್ನು ನೀರಿನ ಮೇಲೆ ಉದ್ದವಾಗಿ ಬಿಟ್ಟವರಿಗೆ ಸಿಂಪಡಕ ಕೆಲಸ ಮಾಡದಿರುವುದು ಇದಕ್ಕೇ. ತುದಿ ನೀರಿನಿಂದ ಒಂದೆರಡು ಸೆಂಟಿಮೀಟರ್‌ಗಿಂತ ಮೇಲಿರಬಾರದು.

ಹೊಸ ಸದಸ್ಯೆ

ಹೇರ್ ಡ್ರೈಯರ್‌ನ ಗಾಳಿಯ ಮೇಲೆ ಚೆಂಡನ್ನು ತೇಲಿಸುವ ಪ್ರಯೋಗ ಯಾವ ಗುಂಪಿಗೆ ಸೇರುತ್ತದೆ? ಚೆಂಡು ಮೇಲೆ ನಿಲ್ಲುವುದು ಅರ್ಥವಾಗುತ್ತದೆ. ಡ್ರೈಯರನ್ನು ಓರೆ ಮಾಡಿದಾಗಲೂ ಬೀಳದಿರುವುದು ಅರ್ಥವಾಗುವುದಿಲ್ಲ.

ಭೌತಶಾಸ್ತ್ರ ಬೋಧಕಿ

ಮೇಡಂ, ಇದರಲ್ಲಿ ಎರಡು ಪ್ರತ್ಯೇಕ ಪ್ರಶ್ನೆಗಳಿವೆ. ಚೆಂಡಿನ ಭಾರವನ್ನು ಹೊರುವುದು ಗಾಳಿಯ ತಳ್ಳುವಿಕೆ. 40 ಮಿಲಿಮೀಟರ್ ವ್ಯಾಸದ ಪಿಂಗ್ ಪಾಂಗ್ ಚೆಂಡಿನ ತೂಕ 2.7 ಗ್ರಾಂ, ಅದನ್ನು ಹೊರಲು ಸೆಕೆಂಡಿಗೆ ಸುಮಾರು 9 ಮೀಟರ್ ವೇಗದ ಗಾಳಿ ಸಾಕು. ಡ್ರೈಯರ್‌ನ ಬಾಯಿಯ ಬಳಿ ವೇಗ ಇದಕ್ಕಿಂತ ಹೆಚ್ಚಿದ್ದು, ಮೇಲಕ್ಕೆ ಹೋದಂತೆ ಕುಗ್ಗುವುದರಿಂದ, ವೇಗವು ಸರಿಯಾಗಿ ಹೊಂದುವ ಎತ್ತರದಲ್ಲಿ ಚೆಂಡು ನಿಲ್ಲುತ್ತದೆ.

ಪಕ್ಕಕ್ಕೆ ಬೀಳದಿರುವುದು ಕೊಆಂಡ ಪರಿಣಾಮದಿಂದ. ಓರೆ ಮಾಡಿದಾಗ ಚೆಂಡು ಧಾರೆಯ ನಡುವಿನಿಂದ ಸ್ವಲ್ಪ ಕೆಳಗೆ ಸರಿಯುತ್ತದೆ. ಆಗ ಚೆಂಡಿನ ಮೇಲ್ಬದಿಯಲ್ಲಿ ಹಾಯುವ ಬಲವಾದ ಗಾಳಿ ಚೆಂಡಿನ ಮೈಯನ್ನು ಅಪ್ಪಿಕೊಂಡು ಕೆಳಮುಖವಾಗಿ ತಿರುಗುತ್ತದೆ. ಚೆಂಡು ಗಾಳಿಯನ್ನು ಕೆಳಕ್ಕೆ ತಿರುಗಿಸಿದರೆ ಗಾಳಿ ಚೆಂಡನ್ನು ಮೇಲಕ್ಕೆ, ಅಂದರೆ ಧಾರೆಯ ನಡುವಿಗೆ, ತಳ್ಳಲೇಬೇಕು. ಇದನ್ನು ಮಾತಿನಲ್ಲಿ ಹೇಳಿ ಬಿಡಬೇಡಿ. ತೆಳುವಾದ ಕಾಗದದ ಎಳೆಯೊಂದನ್ನು ಕಡ್ಡಿಗೆ ಕಟ್ಟಿ ಚೆಂಡಿನ ಆಚೆ ಬದಿಗೆ ಹಿಡಿಯಿರಿ. ಚೆಂಡಿಲ್ಲದಾಗ ಎಳೆ ಡ್ರೈಯರ್ ತೋರಿಸುವ ದಿಕ್ಕಿಗೆ ನೆಟ್ಟಗಿರುತ್ತದೆ, ಓರೆ ಧಾರೆಯಲ್ಲಿ ಚೆಂಡು ತೇಲುತ್ತಿರುವಾಗ ಕೆಳಕ್ಕೆ ಬಾಗುತ್ತದೆ. ಡ್ರೈಯರನ್ನು ತಂಪು ಗಾಳಿಯ ಗುಂಡಿಯಲ್ಲೇ ಇಡಬೇಕು.

ಇದರ ಜೊತೆಗೆ ತೋರಿಸಬಹುದಾದದ್ದು ಬಾಟಲಿಯ ಹಿಂದಿನ ಮೇಣದಬತ್ತಿ. ಉರುಟಾದ ಬಾಟಲಿಯ ಹಿಂದೆ ಬತ್ತಿಯನ್ನು ಉರಿಸಿಟ್ಟು ಈಚೆಯಿಂದ ಬಾಟಲಿಗೆ ಊದಿದರೆ ಬತ್ತಿ ಆರುತ್ತದೆ, ಏಕೆಂದರೆ ಗಾಳಿ ಎರಡೂ ಬದಿಯಿಂದ ಬಾಟಲಿಯನ್ನು ಬಳಸಿಕೊಂಡು ಹಿಂದೆ ಸೇರುತ್ತದೆ. ಬಾಟಲಿಯ ಬದಲು ಅಷ್ಟೇ ಅಗಲದ ಚಪ್ಪಟೆ ರಟ್ಟನ್ನಿಟ್ಟು ಊದಿದರೆ ಜ್ವಾಲೆ ಆರುವುದಿರಲಿ, ಊದುವವರ ಕಡೆಗೇ ವಾಲುತ್ತದೆ. ಅಂಚಿನಲ್ಲಿ ಕಳಚಿಕೊಂಡ ಗಾಳಿಯು ರಟ್ಟಿನ ಹಿಂದೆ ಸುಳಿಯಾಗಿ ಹಿಮ್ಮುಖವಾಗಿ ತಿರುಗುವುದೇ ಇದಕ್ಕೆ ಕಾರಣ. ಮಕ್ಕಳಿಗೆ ಎರಡನೆಯದು ಹೆಚ್ಚು ಇಷ್ಟವಾಗುತ್ತದೆ, ನನಗೂ.

ಹವ್ಯಾಸಿ

ನಿಂತ ಗಾಳಿಯ ಪ್ರಯೋಗಗಳ ಬಗ್ಗೆಯೂ ಇದೇ ಕಟ್ಟುನಿಟ್ಟು ಬೇಕು. ನೀರು ತುಂಬಿದ ಲೋಟದ ಬಾಯಿಗೆ ಕಾರ್ಡು ಮುಚ್ಚಿ ತಲೆಕೆಳಗು ಮಾಡಿದರೆ ನೀರು ಬೀಳುವುದಿಲ್ಲ. ವಾತಾವರಣದ ಒತ್ತಡ ಕಾರ್ಡನ್ನು ಎತ್ತಿ ಹಿಡಿಯುತ್ತದೆ ಎಂದು ಹೇಳಿ ಎಲ್ಲರೂ ಮುಂದೆ ಸಾಗುತ್ತಾರೆ. ಲೋಟದಲ್ಲಿ ಅರ್ಧದಷ್ಟು ಗಾಳಿಯೇ ಇದ್ದರೂ ನೀರು ನಿಲ್ಲುತ್ತದೆಯಲ್ಲ, ಒಳಗಿನ ಗಾಳಿಯೂ ಅಷ್ಟೇ ಒತ್ತಡದಿಂದ ಕೆಳಕ್ಕೆ ತಳ್ಳುತ್ತಿರಬೇಕಲ್ಲ ಎಂದು ಯಾವುದಾದರೂ ಮಗು ಕೇಳಿದರೆ ಆ ಉತ್ತರ ಅಲ್ಲಿಗೇ ಮುಗಿಯಿತು.

ಲೆಕ್ಕ ಹಾಕಿದರೆ ಸಂಗತಿ ತಿಳಿಯಾಗುತ್ತದೆ. ವಾತಾವರಣದ ಒತ್ತಡ ಸಮುದ್ರಮಟ್ಟದಲ್ಲಿ ಸುಮಾರು 1,01,325 ಪ್ಯಾಸ್ಕಲ್. ಅದು ಎತ್ತಿ ಹಿಡಿಯಬಲ್ಲ ನೀರಿನ ಕಂಬ ಸುಮಾರು 10.3 ಮೀಟರ್. ಲೋಟದಲ್ಲಿ 10 ಸೆಂಟಿಮೀಟರ್ ನೀರಿದ್ದರೆ ಅದರ ಒತ್ತಡ ಸುಮಾರು 980 ಪ್ಯಾಸ್ಕಲ್, ಅಂದರೆ ವಾತಾವರಣದ ಒತ್ತಡದ ಶೇಕಡಾ 1ರಷ್ಟು ಮಾತ್ರ. ಆದ್ದರಿಂದ ಒಳಗಿನ ಗಾಳಿಯ ಒತ್ತಡ ಶೇಕಡಾ 1ರಷ್ಟು ಇಳಿದರೆ ಸಾಕು. ನೀರಿನ ಮೇಲೆ 5 ಸೆಂಟಿಮೀಟರ್ ಗಾಳಿ ಇದೆಯೆಂದುಕೊಂಡರೆ, ಅದು ಶೇಕಡಾ 1ರಷ್ಟು ಹಿಗ್ಗಲು ನೀರು ಕೆಳಗಿಳಿಯಬೇಕಾದದ್ದು ಬರೀ ಅರ್ಧ ಮಿಲಿಮೀಟರ್. ಕಾರ್ಡು ಸ್ವಲ್ಪ ಉಬ್ಬಿಯೋ, ಒಂದೆರಡು ಹನಿ ಸೋರಿಯೋ, ಕಾರ್ಡು ಮತ್ತು ಲೋಟದ ಅಂಚಿನ ನಡುವೆ ನೀರಿನ ತೆಳುಪದರ ಉಳಿದೋ ಅಷ್ಟು ಅವಕಾಶ ಸಿಕ್ಕಿಬಿಡುತ್ತದೆ. ಆ ತೆಳುಪದರವನ್ನು ಹರಿಯದಂತೆ ಹಿಡಿದು ಹೊರಗಿನ ಗಾಳಿ ನುಸುಳದಂತೆ ತಡೆಯುವುದು ನೀರಿನ ಮೇಲ್ಮೈ ಎಳೆತ. ಲೋಟವನ್ನು ಬೋರಲು ಹಾಕಿ ಅಂಚನ್ನು ಕಣ್ಣಿನ ಮಟ್ಟದಲ್ಲಿಟ್ಟು ನೋಡಿದರೆ ಈ ಪದರ ಸಣ್ಣ ಹೊಳೆಯುವ ಗೆರೆಯಾಗಿ ಕಾಣಿಸುತ್ತದೆ.

ಎದುರುಪರೀಕ್ಷೆಯೂ ಸುಲಭ. ಪ್ಲಾಸ್ಟಿಕ್ ಲೋಟದ ತಳದಲ್ಲಿ ಮೊದಲೇ ಸೂಜಿಯ ರಂಧ್ರ ಮಾಡಿ ಬೆರಳಿನಿಂದ ಮುಚ್ಚಿಕೊಂಡು ಪ್ರಯೋಗ ಮಾಡಿ. ಬೆರಳು ತೆಗೆದೊಡನೆ ಒಳಗೂ ಹೊರಗೂ ಒತ್ತಡ ಸಮನಾಗಿ ಕಾರ್ಡೂ ನೀರೂ ಒಟ್ಟಿಗೆ ಕೆಳಗೆ ಬೀಳುತ್ತವೆ.

ಸಂದೇಹವಾದಿ

ತಟ್ಟೆಯ ನೀರಿನಲ್ಲಿ ಮೇಣದಬತ್ತಿ ನಿಲ್ಲಿಸಿ ಗಾಜಿನ ಲೋಟ ಕವುಚುವ ಪ್ರಯೋಗವನ್ನಾದರೂ ಹಾಗೇ ಬಿಡಬಹುದು ಎಂದುಕೊಂಡಿದ್ದೇನೆ. ಆಮ್ಲಜನಕ ಗಾಳಿಯ ಐದನೇ ಒಂದು ಭಾಗ, ನೀರೂ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ.

ಹವ್ಯಾಸಿ

ಬಿಡುವಂತಿಲ್ಲ ಸ್ವಾಮಿ. ಆ ಹೊಂದಾಣಿಕೆ ಆಕಸ್ಮಿಕ. ಬತ್ತಿ ಉರಿಯುತ್ತಿರುವಷ್ಟು ಹೊತ್ತು ನೀರು ಹೆಚ್ಚು ಏರುವುದಿಲ್ಲ, ಆರಿದ ಮೇಲೆಯೇ ಸರ್ರನೆ ಏರುತ್ತದೆ ಎಂಬುದನ್ನು ಮೊದಲು ಗಮನಿಸಿ. ಆಮ್ಲಜನಕ ಖರ್ಚಾಗುವುದೇ ಕಾರಣವಾಗಿದ್ದರೆ ಉರಿಯುತ್ತಿರುವಾಗಲೇ ಏರಬೇಕಿತ್ತು. ಎರಡನೆಯದಾಗಿ, ಆಮ್ಲಜನಕವೆಲ್ಲ ಮುಗಿಯುವವರೆಗೆ ಬತ್ತಿ ಉರಿಯುವುದೇ ಇಲ್ಲ; ಶೇಕಡಾ 21ರಿಂದ 16ರ ಆಸುಪಾಸಿಗೆ ಇಳಿಯುವಷ್ಟರಲ್ಲಿ ಆರಿಬಿಡುತ್ತದೆ. ಖರ್ಚಾದ ಆಮ್ಲಜನಕದ ಸ್ಥಾನದಲ್ಲಿ ಇಂಗಾಲದ ಡೈಆಕ್ಸೈಡ್ ಕೂಡ ಹುಟ್ಟುತ್ತದೆ. ಮೇಣದ ದಹನದಲ್ಲಿ ಮೂರು ಪಾಲು ಆಮ್ಲಜನಕಕ್ಕೆ ಸುಮಾರು ಎರಡು ಪಾಲು ಈ ಅನಿಲ ಮರಳಿ ಬರುತ್ತದೆ. ಹೀಗಾಗಿ ದಹನದಿಂದ ಆಗುವ ನಿಜವಾದ ಕುಗ್ಗುವಿಕೆ ಶೇಕಡಾ 2ನ್ನೂ ಮುಟ್ಟುವುದಿಲ್ಲ.

ಉಳಿದದ್ದೆಲ್ಲ ಶಾಖದ ಕೆಲಸ. ಲೋಟ ಕವುಚುವಾಗ ಬತ್ತಿಯ ಸುತ್ತ ಬಿಸಿಯಾಗಿ ಹಿಗ್ಗಿದ ಗಾಳಿಯೇ ಒಳಗೆ ಸೇರುತ್ತದೆ, ಕೆಲವೊಮ್ಮೆ ಅಂಚಿನಿಂದ ಗುಳ್ಳೆಗಳಾಗಿ ಹೊರಬರುವುದೂ ಕಾಣುತ್ತದೆ. ಜ್ವಾಲೆ ಆರಿ ಗಾಳಿ ತಣ್ಣಗಾದಾಗ ಕುಗ್ಗುತ್ತದೆ, ನೀರಾವಿ ಹನಿಗೂಡುತ್ತದೆ, ಹೊರಗಿನ ಒತ್ತಡ ನೀರನ್ನು ಒಳಕ್ಕೆ ತಳ್ಳುತ್ತದೆ. ಒಂದು ಬತ್ತಿಯ ಬದಲು ಮೂರು ಬತ್ತಿ ಉರಿಸಿ ಅದೇ ಲೋಟ ಕವುಚಿದರೆ ನೀರು ಸ್ಪಷ್ಟವಾಗಿ ಹೆಚ್ಚು ಎತ್ತರಕ್ಕೆ ಏರುತ್ತದೆ. ಬತ್ತಿಗಳ ಸಂಖ್ಯೆ ಹೆಚ್ಚಿದ ಮಾತ್ರಕ್ಕೆ ಲೋಟದ ಗಾಳಿಯಲ್ಲಿ ಆಮ್ಲಜನಕದ ಪಾಲು ಹೆಚ್ಚುವುದಿಲ್ಲ ತಾನೇ?

ಸಂದೇಹವಾದಿ

ಮೂರು ಬತ್ತಿಯ ವಾದ ಒಪ್ಪತಕ್ಕದ್ದು. ಐದನೇ ಒಂದು ಭಾಗದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ.

ಹವಾಮಾನ ಆಸಕ್ತ

ಮನೆಯಲ್ಲೇ ವಾಯುಭಾರಮಾಪಕ ತಯಾರಿಸುವ ಸಲಹೆಯೂ ಎಲ್ಲೆಡೆ ಸಿಗುತ್ತದೆ: ಜಾಡಿಯ ಬಾಯಿಗೆ ಬಲೂನಿನ ರಬ್ಬರ್ ಬಿಗಿದು, ಅದರ ಮೇಲೆ ಸ್ಟ್ರಾವನ್ನು ಮುಳ್ಳಿನಂತೆ ಅಂಟಿಸುವುದು. ಇದರ ಬಗ್ಗೆ ಎಚ್ಚರಿಕೆ ಅಗತ್ಯ. ಜಾಡಿಯೊಳಗೆ ಸಿಕ್ಕಿಕೊಂಡ ಗಾಳಿಯ ಉಷ್ಣತೆ ಒಂದು ಡಿಗ್ರಿ ಸೆಲ್ಸಿಯಸ್ ಬದಲಾದರೆ ಅದರ ಒತ್ತಡ ಸುಮಾರು 3.4 ಹೆಕ್ಟೋಪ್ಯಾಸ್ಕಲ್ (ಒಂದು ಹೆಕ್ಟೋಪ್ಯಾಸ್ಕಲ್ ಎಂದರೆ 100 ಪ್ಯಾಸ್ಕಲ್) ಬದಲಾಗುತ್ತದೆ. ಹವೆ ಶಾಂತವಾಗಿರುವ ದಿನಗಳಲ್ಲಿ ವಾತಾವರಣದ ಒತ್ತಡ ಏರಿಳಿಯುವುದೂ ಕೆಲವೇ ಹೆಕ್ಟೋಪ್ಯಾಸ್ಕಲ್‌ಗಳಷ್ಟು. ಕೋಣೆ ಬೆಳಗಿನಿಂದ ಮಧ್ಯಾಹ್ನಕ್ಕೆ ನಾಲ್ಕೈದು ಡಿಗ್ರಿ ಬಿಸಿಯಾದರೆ ಆ ಮುಳ್ಳು ತೋರಿಸುವುದು ಮುಖ್ಯವಾಗಿ ಉಷ್ಣತೆಯನ್ನೇ. ಜಾಡಿಯನ್ನು ಅಂಗೈಗಳಿಂದ ಸುತ್ತುವರಿದು ಹಿಡಿದರೆ ಮುಳ್ಳು ಸರಿಯುವುದನ್ನು ಮಕ್ಕಳೇ ಕಾಣಬಹುದು, ಕೈಶಾಖದಿಂದ ಹವಾಮಾನ ಬದಲಾಗುವುದಿಲ್ಲವಷ್ಟೆ.

ಒತ್ತಡದ ಬದಲಾವಣೆಯನ್ನು ನಿಜವಾಗಿ ಕಾಣಬೇಕಾದರೆ ಅನೇಕ ಮೊಬೈಲ್ ಫೋನುಗಳಲ್ಲಿರುವ ವಾಯುಭಾರದ ಸಂವೇದಕವನ್ನು ಬಳಸಿ. ಸಮುದ್ರಮಟ್ಟದ ಆಸುಪಾಸಿನಲ್ಲಿ ಸುಮಾರು 8.5 ಮೀಟರ್ ಮೇಲೇರಿದರೆ ಒತ್ತಡ ಒಂದು ಹೆಕ್ಟೋಪ್ಯಾಸ್ಕಲ್ ಇಳಿಯುತ್ತದೆ. ಮೂರು ಮೀಟರಿನ ಒಂದು ಮಹಡಿ ಏರಿದರೂ ಮೂರನೇ ಒಂದು ಹೆಕ್ಟೋಪ್ಯಾಸ್ಕಲ್‌ನಷ್ಟು ಇಳಿಕೆ ಕಾಣಿಸಬೇಕು. ಫ್ರೆಂಚ್ ವಿಜ್ಞಾನಿ ಬ್ಲೇಸ್ ಪ್ಯಾಸ್ಕಲ್‌ನ ಸೂಚನೆಯಂತೆ ಅವನ ಭಾವ ಪೆರಿಯೇ 1648ರ ಸೆಪ್ಟೆಂಬರ್ 19ರಂದು ಫ್ರಾನ್ಸಿನ ಪ್ಯುಯ್ ದ ಡೋಮ್ ಬೆಟ್ಟ ಹತ್ತಿ ಮಾಡಿದ್ದೂ ಇದನ್ನೇ. ಕೆಳಗಿನ ಪಟ್ಟಣದಲ್ಲಿಟ್ಟ ಪಾದರಸದ ಕಂಬಕ್ಕಿಂತ ಶಿಖರದಲ್ಲಿನ ಕಂಬ 8 ಸೆಂಟಿಮೀಟರಿಗೂ ಹೆಚ್ಚು ಕುಳ್ಳಾಗಿತ್ತು. ಮೆಟ್ಟಿಲು ಹತ್ತುತ್ತಾ ಫೋನಿನ ಅಂಕಿಗಳನ್ನು ಬರೆದುಕೊಳ್ಳುವ ಮಕ್ಕಳಿಗೆ ಈ ಕಥೆ ಹೇಳುವುದು ನನಗೆ ಇಷ್ಟ. ಕೊನೆಗೆ ಕೆಳಗಿಳಿದು ಮತ್ತೊಮ್ಮೆ ಅಳೆಯುವುದನ್ನು ಮರೆಯಬಾರದು. ಅಷ್ಟರಲ್ಲಿ ಹವೆಯೇ ಬದಲಾಗಿದ್ದರೆ ಅದೂ ಗೊತ್ತಾಗುತ್ತದೆ.

ಯಂತ್ರಶಿಲ್ಪಿ

ದಿನಪತ್ರಿಕೆಯ ಪ್ರಯೋಗವನ್ನು ಯಾರೂ ಪ್ರಸ್ತಾಪಿಸಿಲ್ಲ. ಮೇಜಿನ ಅಂಚಿನಿಂದ ಸ್ವಲ್ಪ ಹೊರಚಾಚಿದ ತೆಳ್ಳನೆಯ ಮರದ ಪಟ್ಟಿಯ ಮೇಲೆ ಬಿಡಿಸಿದ ದಿನಪತ್ರಿಕೆಯನ್ನು ಹಾಸಿ ಚೆನ್ನಾಗಿ ಸವರಬೇಕು. ಹೊರಚಾಚಿದ ತುದಿಯನ್ನು ನಿಧಾನವಾಗಿ ಅದುಮಿದರೆ ಪತ್ರಿಕೆ ಏಳುತ್ತದೆ, ಥಟ್ಟನೆ ಹೊಡೆದರೆ ಪಟ್ಟಿಯೇ ಮುರಿಯುತ್ತದೆ. 60 ಮತ್ತು 80 ಸೆಂಟಿಮೀಟರ್ ಅಳತೆಯ ಹಾಳೆಯ ಮೇಲೆ ಗಾಳಿಯ ಒತ್ತಡ ಸುಮಾರು ಐದು ಟನ್ ಭಾರಕ್ಕೆ ಸಮ ಎಂದು ಹೇಳಿ ಬೆರಗು ಹುಟ್ಟಿಸುವುದುಂಟು. ಆದರೆ ಕೆಳಗಿನಿಂದಲೂ ಅಷ್ಟೇ ಒತ್ತಡವಿದೆ ಎಂಬುದನ್ನು ಹೇಳದಿದ್ದರೆ ಅದು ಅರ್ಧಸತ್ಯ. ಥಟ್ಟನೆ ಎತ್ತಿದಾಗ ಹಾಳೆಯ ಅಡಿಗೆ ಗಾಳಿ ನುಗ್ಗಲು ಸಮಯ ಸಾಲದೆ ಕೆಳಗಿನ ಒತ್ತಡ ಕ್ಷಣಮಾತ್ರ ಇಳಿಯುವುದೇ ಮುಖ್ಯ. ಅದೇ ಪತ್ರಿಕೆಯನ್ನು ಚಿಕ್ಕದಾಗಿ ಮಡಚಿಟ್ಟು ಹೊಡೆಯಿರಿ: ತೂಕ ಅಷ್ಟೇ ಇದ್ದರೂ ಪಟ್ಟಿ ಮುರಿಯದೆ ಪತ್ರಿಕೆಯನ್ನು ಎಗರಿಸುತ್ತದೆ. ಚೂರುಗಳು ಸಿಡಿಯುವುದರಿಂದ ಕಣ್ಣಿಗೆ ಕನ್ನಡಕ ಇರಲಿ.

ಡಬ್ಬಿ ನಜ್ಜುಗುಜ್ಜಾಗುವ ಪ್ರಯೋಗವನ್ನು ಹಿರಿಯರೇ ಇಕ್ಕಳ ಹಿಡಿದು ಮಾಡಬೇಕು, ಮುಚ್ಚಿದ ಡಬ್ಬಿಯನ್ನು ಯಾವ ಕಾರಣಕ್ಕೂ ಕಾಯಿಸಬಾರದು. ಚಮಚದಷ್ಟು ನೀರು ಕುದಿಸಿ ಆವಿ ತುಂಬಿದ ತಂಪುಪಾನೀಯದ ಡಬ್ಬಿಯನ್ನು ತಣ್ಣೀರಿಗೆ ಬೋರಲು ಹಾಕಿದಾಗ, ಒಂದು ಗ್ರಾಂ ನೀರಿನಿಂದ ಹುಟ್ಟಿ ಸುಮಾರು 1.7 ಲೀಟರ್ ಜಾಗ ತುಂಬಬಲ್ಲ ಆವಿ ಕ್ಷಣದಲ್ಲಿ ಮತ್ತೆ ನೀರಾಗುತ್ತದೆ. ಬಾಯಿಯನ್ನು ಮೇಲಕ್ಕಿಟ್ಟೇ ತಣ್ಣೀರಿನಲ್ಲಿ ನಿಲ್ಲಿಸಿದರೆ ಡಬ್ಬಿ ಹೀಗೆ ಕುಸಿಯುವುದಿಲ್ಲ, ಏಕೆಂದರೆ ಹೊರಗಿನ ಗಾಳಿ ಒಳಕ್ಕೆ ಬಂದು ಒತ್ತಡವನ್ನು ಸರಿದೂಗಿಸುತ್ತದೆ.

ಕುತೂಹಲಿ

ಎಲ್ಲರಿಗೂ ಕೃತಜ್ಞತೆಗಳು. ಕಾಗದದ ಪಟ್ಟಿಯಿಂದ ಆರಂಭಿಸಿ, ಬಾಟಲಿಯ ಹಿಂದಿನ ಬತ್ತಿ, ತೇಲುವ ಚೆಂಡು, ಬಿಲ್ಲೆ ಮತ್ತು ಕಾರ್ಡು ಎಂಬ ಕ್ರಮವನ್ನು ಯೋಚಿಸಿದ್ದೇನೆ. ಲೋಟ ಮತ್ತು ಮೇಣದಬತ್ತಿಗಳನ್ನು ಇನ್ನೊಂದು ದಿನಕ್ಕೆ ಇಡುತ್ತೇನೆ. ಪ್ರತಿ ಪ್ರಯೋಗಕ್ಕೂ ಅದರ ಎದುರುಪರೀಕ್ಷೆಯ ಫಲ ಏನಾಗಬಹುದೆಂದು ಮಕ್ಕಳು ಮುಂಚಿತವಾಗಿ ಬರೆದಿಡಬೇಕು ಎಂಬ ನಿಯಮ ಮಾಡುವ ಆಲೋಚನೆಯಿದೆ. ಒಂದು ಸಂದೇಹ ಉಳಿದಿದೆ: ಬಿಲ್ಲೆಯ ಪ್ರಯೋಗದಲ್ಲಿ ಕಾರ್ಡು ಬಿಲ್ಲೆಗಿಂತ ದೊಡ್ಡದಾಗಿದ್ದರೆ ತೊಂದರೆಯೇ?

ಯಂತ್ರಶಿಲ್ಪಿ

ತುಸು ದೊಡ್ಡದಾದರೆ ತೊಂದರೆಯಿಲ್ಲ, ಆದರೆ ಲಾಭವೂ ಇಲ್ಲ. ಬಿಲ್ಲೆಯಿಂದಾಚೆ ಚಾಚಿದ ಭಾಗದ ಮೇಲೆ ಎಳೆತ ಅಷ್ಟಾಗಿ ಇರುವುದಿಲ್ಲ, ತೂಕ ಮಾತ್ರ ಸೇರುತ್ತದೆ. ಬಿಲ್ಲೆಯಷ್ಟೇ ಅಗಲಕ್ಕೆ ಕತ್ತರಿಸಿಕೊಳ್ಳಿ. ಕಾರ್ಡು ಬಾಗಿದ್ದರೆ ಅಂತರ ಒಂದೇ ಸಮನಾಗಿರದೆ ಪ್ರಯೋಗ ಕೈಕೊಡುವ ಸಾಧ್ಯತೆಯಿದೆ, ಆದ್ದರಿಂದ ಹಿಂದಿನ ರಾತ್ರಿ ದಪ್ಪ ಪುಸ್ತಕದ ಅಡಿಯಲ್ಲಿ ಒತ್ತಿಟ್ಟಿರಿ.